ಚಿಪ್ಪಿನ ಮೇಲಿನ ಅರಗುಮುದ್ರೆ

ಆನೆಯ ನ್ಯಾಯಾಲಯವು ಆಮೆಯನ್ನು ದಿವಾಳಿಯೆಂದು ಸಾರಿ, ಅದರ ಸಾಲಗಳನ್ನೆಲ್ಲ ಮನ್ನಾ ಮಾಡಿತು. ಸಾಲ ಕೊಟ್ಟವರೆಲ್ಲ ಬೈಯುತ್ತ ಹೊರಟರು. ಉಡ ಮಾತ್ರ ನಗುತ್ತ ಬಂತು.

"ಅಂತೂ ಪಾರಾದಿರಿ, ಆಮೆರಾಯರೇ!"

ಹಣ ಕಳೆದುಕೊಂಡವನಿಗೆ ಇಷ್ಟೇಕೆ ಖುಷಿ? ಆಮೆಗೆ ಗುಮಾನಿ ಹುಟ್ಟಿತು. ಸಾಲ ವಸೂಲಿಗೆಂದು ಪಡೆದ ಹಳೆಯ ತೀರ್ಪೊಂದರ ಬಲದಿಂದ ಉಡ ಆಮೆಯ ಚಿಪ್ಪಿಗೆ ಒತ್ತಿಸಿದ್ದ ಜಪ್ತಿಯ ಅರಗುಮುದ್ರೆ ಹಾಗೇ ಇತ್ತು.

"ಇದಿನ್ನೂ ಹೋಗಿಲ್ಲವಲ್ಲ?"

"ಇರಲಿ ಬಿಡಿ, ನಿಮಗೇನು ಭಾರವೇ?"

ಆಮೆ ಸೀದಾ ಆನೆಯ ಬಳಿಗೆ ಮರಳಿ ದೂರಿತು.

"ಮನ್ನಾ ಆದದ್ದು ಸಾಲ. ಮುದ್ರೆ ಇರುವವರೆಗೆ ಚಿಪ್ಪು ಉಡದ ಹಿಡಿತದಲ್ಲೇ. ತೆಗೆಯಿರೆಂದು ನೀನು ಕೇಳಲೇ ಇಲ್ಲ," ಎಂದಿತು ಆನೆ.

"ಈಗ ಕೇಳುತ್ತಿದ್ದೇನೆ. ಇದು ನಾನು ವಾಸಿಸುವ ಮನೆ."

"ವಾಸದ ಮನೆಯ ಮೇಲೆ ಜಪ್ತಿ ನಿಲ್ಲದು," ಎಂದು ಆನೆ ಮುದ್ರೆಯನ್ನು ಕಿತ್ತುಹಾಕಿತು.

ಹೊರಗೆ ಉಡ ಬೈಯತೊಡಗಿತು. ಆಗಷ್ಟೇ ಆಮೆಗೆ ತಾನು ಪಾರಾದೆನೆಂಬ ನಂಬಿಕೆ ಬಂತು.