ತಳದ ಕಾಳು

ಬಿ.ಕಾಂ. ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳುತ್ತಿದ್ದ ತಿಪ್ಪೇಸ್ವಾಮಿ ಮೇಷ್ಟ್ರೇ ಹಾಸ್ಟೆಲಿಗೂ ವಾರ್ಡನ್. ಅವತ್ತು ಸ್ಯಾಂಪಲ್ಲಿನ ಪಾಠ. "ಗಿರಾಕಿಗಳ ಮನಸ್ಸು ತಿಳಿಯೋಕೆ ಊರೆಲ್ಲ ಸುತ್ತಬೇಕಿಲ್ಲ, ನಾಲ್ಕು ಜನರನ್ನ ಕೇಳಿದರೆ ಸಾಕು" ಅಂದರು. ಪಾಠ ಮುಗಿಸಿ ಮುಂದಿನ ಬೆಂಚಿನ ನಾಲ್ವರನ್ನು, "ಅರ್ಥವಾಯ್ತಾ?" ಎಂದು ಕೇಳಿದರು. ನಾಲ್ವರೂ ತಲೆಯಾಡಿಸಿದರು.

"ಹಾಗಾದರೆ ಎಲ್ಲರಿಗೂ ಅರ್ಥವಾಗಿದೆ. ನಾಳೆ ಪರೀಕ್ಷೆ. ಫೇಲಾದವರ ಅಪ್ಪಂದಿರನ್ನ ಕರೆಸ್ತೀನಿ!"

ಒಂದಕ್ಷರವೂ ಅರ್ಥವಾಗದ ಕೊನೆಯ ಬೆಂಚಿನವರು ಪುಸ್ತಕದ ಪುಟ ತಿರುವತೊಡಗಿದರು.

ಮಧ್ಯಾಹ್ನ ಹಾಸ್ಟೆಲಿನಲ್ಲಿ ಬಡಿಸುವ ಸರದಿ ಕೊನೆಯ ಬೆಂಚಿನ ಓಬಳೇಶನದು. ಮೇಷ್ಟ್ರ ತಟ್ಟೆಗೆ ಮುದ್ದೆ ಇಟ್ಟ. ಅವರೆಕಾಳಿನ ಸಾರನ್ನು ಕಲಕದೆ, ಮೇಲಿನಿಂದಲೇ ನಾಲ್ಕು ಸೌಟು ತೆಗೆದು ಸುರಿದ.

"ಏನೋ ಇದು, ಬರೀ ನೀರು! ಕಾಳೆಲ್ಲೋ?"

"ಸಾರಲ್ಲಿ ಕಾಳೇ ಇಲ್ಲ ಅಂತ ಕಾಣುತ್ತೆ ಸಾರ್. ನಾಲ್ಕು ಸೌಟು ತೆಗೆದು ನೋಡಿದೆ."

"ತಳ ಕಲಕೋ ದಡ್ಡ! ಮೇಲಿಂದಲೇ ತೆಗೆದರೆ ತಳದಲ್ಲೇನಿದೆ ಅಂತ ಹೇಗೋ ಗೊತ್ತಾಗುತ್ತೆ?"

"ಕ್ಲಾಸಲ್ಲಿ ನಾವೂ ತಳದಲ್ಲೇ ಇದ್ದೀವಿ ಸಾರ್."

ಮೇಷ್ಟ್ರು ನಗು ಮುಚ್ಚಿಕೊಳ್ಳಲು ಜೋರಾಗಿ ಕೆಮ್ಮಿದರು.

ಮರುದಿನ ಪರೀಕ್ಷೆ ನಡೆಯಲಿಲ್ಲ. ಮೇಷ್ಟ್ರು ನೇರ ಕೊನೆಯ ಬೆಂಚಿಗೇ ಬಂದು ಓಬಳೇಶನ ಮುಂದೆ ನಿಂತರು.

"ಏಳಪ್ಪಾ, ತಳದ ಕಾಳೇ! ಬೆಂದಿದ್ದೀಯೋ ಇಲ್ಲವೋ ಅಂತ ಇವತ್ತಿನಿಂದ ದಿನಾ ಮೊದಲು ಹಿಚುಕಿ ನೋಡೋದು ನಿನ್ನನ್ನೇ."