ಒಂದು ಮಾರು ದೂರದಿಂದ

“ಗುರುಗಳೇ, ಗುರಿ ಕೈಗೆಟುಕುವಷ್ಟು ಹತ್ತಿರ ಬಂದಾಗ ಹಿಂದೆ ಸರಿಯುವವರಿಗೆ ಛಲ ಇದೆ ಎನ್ನಲಾದೀತೇ?” ಎಂದು ಶಾಂತವೀರ ಕೇಳಿದ. ಮರುದಿನ ಶಾಖಾಮಠದ ಪೀಠ ಏರಬೇಕಿದ್ದ ಅವನ ಗೆಳೆಯ, ತಾನಿನ್ನೂ ಸಿದ್ಧನಾಗಿಲ್ಲ, ಒಂದು ವರ್ಷ ಕೊಡಿ ಎಂದು ಆ ಬೆಳಿಗ್ಗೆ ತಾನೇ ಹಿಂದೆ ಸರಿದಿದ್ದ. ಶಾಂತವೀರನಿಗೆ ಅದನ್ನು ಸಹಿಸಲಾಗಿರಲಿಲ್ಲ.

“ಮೂಗಿನ ತುದಿಯಲ್ಲಿರುವ ಕೋಪವನ್ನು ಮೊದಲು ಕೆಳಗಿಳಿಸಿ ಕೂತುಕೋ ಮಾರಾಯ,” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಭೂಮಿಯನ್ನು ಸುತ್ತುವ ಒಂದು ಬಾಹ್ಯಾಕಾಶ ನಿಲ್ದಾಣ. ಅದರೊಳಗೆ ಮೂವರು. ಅವರ ಗಾಳಿಯನ್ನು ಶುದ್ಧ ಮಾಡುವ ಯಂತ್ರ ಕೆಟ್ಟು ಕೂತಿತ್ತು. ಹೊಸದು ಬಾರದಿದ್ದರೆ ಮೂವರೂ ಅಲ್ಲಿದ್ದ ಪುಟ್ಟ ನೌಕೆ ಹತ್ತಿ ಭೂಮಿಗೆ ಇಳಿದುಬಿಡಬೇಕು. ನಿಲ್ದಾಣ ಪಾಳುಬೀಳುತ್ತದೆ, ವರ್ಷಗಟ್ಟಲೆ ದುಡಿದದ್ದೆಲ್ಲ ಮಣ್ಣುಪಾಲು. ಹೊಸ ಯಂತ್ರ ಹೊತ್ತ ಇನ್ನೊಂದು ನೌಕೆಯಲ್ಲಿ ಅದರ ನಾಯಕಿ ತನ್ನ ಜೊತೆಗಾರನೊಂದಿಗೆ ಭೂಮಿಯಿಂದ ಹೊರಟಳು. ಕೊಟ್ಟೇ ಬರುತ್ತೇನೆ ಎಂದು ಹೊರಟವಳು ಅವಳು.

ನಿಲ್ದಾಣದ ಬಾಗಿಲ ಮೇಲೆ ಅಡ್ಡಗೆರೆ, ಉದ್ದಗೆರೆ ಸೇರಿದ ಒಂದು ಗುರುತಿತ್ತು. ಅದನ್ನು ತಮ್ಮ ಪರದೆಯ ವೃತ್ತದ ನಡುವೆಯೇ ಇಟ್ಟುಕೊಂಡು ನೌಕೆಯವರು ಇಂಚಿಂಚಾಗಿ ಸಮೀಪಿಸಬೇಕು. ಗುರುತು ವೃತ್ತದಾಚೆ ಜಾರಿದರೆ ಹಿಂದಕ್ಕೆ ಬರಬೇಕು. ಇದು ನೆಲದ ಮೇಲೆ, ತಲೆ ತಣ್ಣಗಿದ್ದಾಗ, ಎಲ್ಲರೂ ಕೂತು ಒಪ್ಪಿಕೊಂಡ ಮಾತು. ಮೇಲೆ ಹೋದಮೇಲೆ ಅದರ ಬಗ್ಗೆ ಚರ್ಚೆಯಿಲ್ಲ.

ಬಾಗಿಲಿಗೆ ಇನ್ನೇನು ಒಂದು ಮಾರು ದೂರ ಎನ್ನುವಾಗ ನೌಕೆ ವಾಲಿತು. ಗುರುತು ಜಾರಿತು. ನಿಲ್ದಾಣದ ಕಿಟಕಿಯಲ್ಲಿ ಒಬ್ಬ ಕೈಬೀಸುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

ಜೊತೆಗಾರ ಹೇಳಿದ: “ಮೇಡಂ, ಇಷ್ಟು ದೂರ ಬಂದು ಒಂದು ಮಾರಿಗೆ ಸೋಲುವುದೇ? ಸ್ವಲ್ಪ ನೂಕಿಬಿಡಿ, ಕೊಂಡಿ ಕಚ್ಚಿಕೊಳ್ಳುತ್ತದೆ.”

“ಓರೆಯಾಗಿ ಗುದ್ದಿದರೆ ಗೋಡೆ ಸೀಳುತ್ತದೆ ಕಣಪ್ಪ. ಅವರ ಗಾಳಿಯೆಲ್ಲ ಹೊರಗೆ ಹೋಗುತ್ತದೆ,” ಎಂದವಳೇ ನೌಕೆಯನ್ನು ಹಿಂದಕ್ಕೆ ತಂದಳು.

ಕಿಟಕಿಯಲ್ಲಿದ್ದವನ ಕೈ ನಿಂತಿತು. ಅವಳಿಗೆ ಅಳುವೇ ಬಂತು. ಮನೆಗೆ ಮರಳಲು ಬೇಕಾದ್ದನ್ನು ಬಿಟ್ಟರೆ, ಇನ್ನೊಂದೇ ಒಂದು ಪ್ರಯತ್ನಕ್ಕೆ ಸಾಲುವಷ್ಟು ಇಂಧನವಿತ್ತು. ಕಣ್ಣೊರೆಸಿಕೊಂಡು ವಾಲಿದ್ದು ಯಾಕೆಂದು ಹುಡುಕಿದಳು. ಬಲಬದಿಯ ಪುಟ್ಟ ಎಂಜಿನ್ ಒಂದು ಬೇಡವಾದಾಗಲೂ ಉರಿಯುತ್ತಿತ್ತು. ಅದನ್ನು ಆರಿಸಿ, ಉಳಿದವುಗಳನ್ನೇ ನಂಬಿ ಮತ್ತೆ ಹೊರಟಳು, ಮೊದಲಿಗಿಂತ ನಿಧಾನವಾಗಿ. ಜೊತೆಗಾರ ಅಂತರ ಓದಿ ಹೇಳುತ್ತಿದ್ದ. ಗುರುತು ಅಲುಗಲಿಲ್ಲ. ಕೊಂಡಿ ಕಚ್ಚಿಕೊಂಡಿತು. ಬಾಗಿಲು ತೆರೆದಾಗ ಒಳಗಿನ ಮೂವರೂ ಯಂತ್ರದ ಸುದ್ದಿಯನ್ನೇ ಎತ್ತದೆ ಅವಳನ್ನು ತಬ್ಬಿಕೊಂಡರು.

ಶಾಂತವೀರನ ಮುಖ ಅರಳಿತು. “ಅಬ್ಬಾ, ಕೊನೆಗೂ ತಲುಪಿದಳಲ್ಲ! ತಲುಪಿದ್ದಕ್ಕೆ ಅವಳು ಮಾಡಿದ್ದು ಸರಿಯಾಯಿತು. ಆದರೆ ಗುರುಗಳೇ, ಎರಡನೆಯ ಸಲವೂ ಗುರುತು ಜಾರಿದ್ದರೆ? ಮತ್ತೊಂದು ಸಲಕ್ಕೆ ಇಂಧನವೇ ಇರಲಿಲ್ಲ. ಆಗ ಏನು ಮಾಡುತ್ತಿದ್ದಳು?”

“ಆಗಲೂ ಹಿಂದಕ್ಕೇ ಬರುತ್ತಿದ್ದಳು,” ಎಂದರು ಗುರುಗಳು, “ಒಳಗೆ ಜನ ಇದ್ದರಲ್ಲಪ್ಪ.”