ಬಾಣಂತಿ ಕಾಸು

"ಗುರುಗಳೇ, ಒಂದು ಕೆಲಸಕ್ಕೆಂದು ಮೀಸಲಿಟ್ಟ ಹಣವನ್ನು ನಿಯಮ ಮೀರದೆ ಖರ್ಚು ಮಾಡಿದವನನ್ನು ಕಳ್ಳ ಎನ್ನಬಹುದೇ?"

ಕೇಳಿದವನು ಧರ್ಮಶಾಸ್ತ್ರ ಓದುತ್ತಿದ್ದ ಶಿಷ್ಯ. ಎನ್ನಲಾಗದು ಎಂಬುದೇ ಅವನ ಅಭಿಪ್ರಾಯವಾಗಿತ್ತು. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ರಾಜ್ಯದ ಗಡಿಯಲ್ಲಿ ಏಳು ಹಳ್ಳಿಗಳಿದ್ದವು. ಏಳಕ್ಕೂ ಒಬ್ಬಳೇ ಸೂಲಗಿತ್ತಿ. ಕರೆ ಬಂದು ಅವಳು ನಡೆದು ತಲುಪುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರಿರುತ್ತಿತ್ತು. ಒಂದೇ ವರ್ಷದಲ್ಲಿ ಹನ್ನೊಂದು ಮಂದಿ ಹೆಂಗಸರು ಹೆರಿಗೆಯಲ್ಲಿ ಸತ್ತಾಗ ರಾಜ ಆಜ್ಞೆ ಹೊರಡಿಸಿದ. ಪ್ರತಿ ಸೇರು ಉಪ್ಪಿಗೆ ಒಂದು ಕಾಸು ಹೆಚ್ಚು ಕೊಡಬೇಕು. ಆ ಹಣದಿಂದ ಏಳೂ ಹಳ್ಳಿಗಳ ನಡುವೆ ಹೆರಿಗೆ ಮನೆ ಕಟ್ಟಿಸಿ, ಒಬ್ಬ ವೈದ್ಯನನ್ನು ಇರಿಸಲಾಗುವುದು. ಜನ ಅದನ್ನು ಬಾಣಂತಿ ಕಾಸು ಎಂದು ಕರೆದರು. ಕೊಡಿ, ನಿಮ್ಮ ಮನೆಯ ಹೆಣ್ಣುಮಕ್ಕಳಿಗೇ ಆಗುತ್ತದೆ ಎಂದು ಸೂಲಗಿತ್ತಿಯೇ ಮನೆಮನೆಗೆ ಹೋಗಿ ಹೇಳಿ ಬಂದಳು. ಯಾರೂ ಗೊಣಗಲಿಲ್ಲ.

ಒಂಬತ್ತು ವರ್ಷ ಕಾಸು ಹೋಯಿತು. ಮನೆ ಬರಲಿಲ್ಲ.

ಹತ್ತನೆಯ ವರ್ಷ ಪುಟ್ಟೀರಿ ಎಂಬ ಹೆಣ್ಣಿಗೆ ಚೊಚ್ಚಲ ಹೆರಿಗೆಯ ನೋವು ಬಂತು. ಎರಡು ದಿನವಾದರೂ ಮಗು ಹೊರಗೆ ಬರಲಿಲ್ಲ. ವೈದ್ಯನಿದ್ದ ಊರಿಗೆ ಡೋಲಿಯಲ್ಲಿ ಹೊತ್ತೊಯ್ಯುವಾಗ ದಾರಿಯಲ್ಲೇ, ಸೂಲಗಿತ್ತಿಯ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಮಗು ಒಳಗೇ ಉಳಿಯಿತು. ಪುಟ್ಟೀರಿ ಹುಟ್ಟಿದಾಗ ಅವಳನ್ನು ಕೈಗೆ ಎತ್ತಿಕೊಂಡವಳೂ ಅದೇ ಸೂಲಗಿತ್ತಿ.

ಮಣ್ಣು ಮಾಡಿದ ಮರುದಿನ ಅವಳು ರಾಜಧಾನಿಗೆ ನಡೆದಳು.

ಬಾಣಂತಿ ಕಾಸಿಗೆಂದೇ ಅಲ್ಲಿ ಒಂದು ಕಚೇರಿಯಿತ್ತು. ಅದರ ಅಧಿಕಾರಿ ಅವಳನ್ನು ಗದರಲಿಲ್ಲ. ನೆರಳಿನಲ್ಲಿ ಕೂರಿಸಿ ಮಜ್ಜಿಗೆ ಕೊಡಿಸಿದ. ಕಾಸೆಲ್ಲ ಏನಾಯಿತೆಂದು ಕೇಳಿದಾಗ ಏನನ್ನೂ ಮುಚ್ಚಿಡಲಿಲ್ಲ. ಹಣವನ್ನು ತಾಯಂದಿರ ಕ್ಷೇಮಕ್ಕೆ ಬಳಸಬೇಕೆಂದಷ್ಟೇ ನಿಯಮದ ಓಲೆಯಲ್ಲಿದೆ, ಹಾಗೆಯೇ ಬಳಸಿದ್ದೇವೆ ಎಂದ. ರಾಜಮಾತೆಗೆ ಮಂಡಿನೋವು, ಅವರಿಗೊಂದು ಪಲ್ಲಕ್ಕಿ ಮಾಡಿಸಿದ್ದರು. ಅಧಿಕಾರಿಗಳ ಬೀದಿಗೆ ಕಲ್ಲು ಹಾಸಿಸಿದ್ದರು. ಅಲ್ಲಿಯೂ ತಾಯಂದಿರು ಓಡಾಡುತ್ತಾರಲ್ಲ ಎಂದ. ಈ ಕಚೇರಿಯ ಕಟ್ಟಡ ಎದ್ದದ್ದೂ ಅದರಿಂದಲೇ; ತಾಯಂದಿರ ಕ್ಷೇಮ ನೋಡುವವರಿಗೆ ಕೂರಲು ಜಾಗ ಬೇಡವೇ ಎಂದು ಕೇಳಿದ. ಒಂದೊಂದಕ್ಕೂ ಮುದ್ರೆ ಒತ್ತಿದ ಓಲೆ ತೆಗೆದು ತೋರಿಸಿದ.

ಸೂಲಗಿತ್ತಿಗೆ ಓದು ಬಾರದು. ಮಜ್ಜಿಗೆಯನ್ನು ಕುಡಿಯದೆ ಕೆಳಗಿಟ್ಟಳು.

"ಒಡೆಯರೇ, ಮೊನ್ನೆ ನನ್ನ ತೊಡೆಯ ಮೇಲೆ ಒಬ್ಬಳು ಸತ್ತಳು. ನಿಮ್ಮ ನಿಯಮದೊಳಗೆ ಅವಳು ಬರುತ್ತಾಳೋ ಇಲ್ಲವೋ?"

ಅಧಿಕಾರಿ ನಿಯಮದ ಓಲೆಯನ್ನು ಇನ್ನೊಮ್ಮೆ ಓದಿದ.

"ಹೆತ್ತಿದ್ದರೆ ಬರುತ್ತಿದ್ದಳು, ತಾಯಿ," ಎಂದ.

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎದ್ದು ಬಂದಳು.

ಊರಿಗೆ ಬಂದವಳು ಉಪ್ಪಿನ ಅಂಗಡಿಯ ಮುಂದೆ ಕೂತಳು. ಬಂದವರಿಗೆಲ್ಲ ಪಲ್ಲಕ್ಕಿಯ ವಿಷಯ ಹೇಳಿದಳು, ಕಲ್ಲುಹಾಸಿನ ವಿಷಯ ಹೇಳಿದಳು. ಕೊಡಿ ಎಂದು ಬೇಡಿದವಳು ನಾನೇ, ನನಗೂ ಉಗಿಯಿರಿ ಎಂದಳು. ಯಾರೂ ಉಗಿಯಲಿಲ್ಲ. ಹೆರಿಗೆ ಮನೆಯನ್ನು ತಾವೇ ಕಟ್ಟಲೆಂದು ಹೆಂಗಸರು ಮಣ್ಣು ಹೊತ್ತರು. ಗಂಡಸರು ಮರ ಕಡಿದು ತಂದರು. ಎರಡು ತಿಂಗಳಲ್ಲಿ ಹುಲ್ಲು ಹೊದಿಸಿದ ಎರಡು ಕೋಣೆಯ ಮನೆ ಎದ್ದಿತು. ಸೂಲಗಿತ್ತಿ ಅಲ್ಲೇ ಉಳಿದಳು. ದಿನ ತುಂಬಿದವರು ಮೊದಲೇ ಬಂದು ಅವಳ ಜೊತೆ ಇದ್ದರು. ನಾಲ್ಕು ಹೆರಿಗೆಗಳಾದವು. ನಾಲ್ವರೂ ಮಗು ಎತ್ತಿಕೊಂಡು ಮನೆಗೆ ಹೋದರು.

ಐದನೆಯವಳು ನೋವು ತಿನ್ನುತ್ತಿದ್ದಾಗ ಕಚೇರಿಯ ಆಳುಗಳು ಬಂದರು. ಹೆರಿಗೆ ಮನೆ ಕಟ್ಟುವ ಅಧಿಕಾರ ಕಚೇರಿಗೆ ಮಾತ್ರ, ಅಪ್ಪಣೆಯಿಲ್ಲದ ಮಣ್ಣುಗೋಡೆಯಿಂದ ತಾಯಂದಿರಿಗೆ ಅಪಾಯ ಎಂದು ಓಲೆ ಓದಿದರು. ಸೂಲಗಿತ್ತಿ ಬಾಗಿಲಿಗೆ ಅಡ್ಡ ನಿಂತಳು. ಇಬ್ಬರು ಅವಳನ್ನು ಎತ್ತಿ ಪಕ್ಕಕ್ಕೆ ಕೂರಿಸಿದರು. ಒಳಗಿದ್ದವಳನ್ನು ಚಾಪೆಯ ಸಮೇತ ಹೊರಗೆ ತಂದು ಮಲಗಿಸಿದರು. ಮಧ್ಯಾಹ್ನದೊಳಗೆ ಮನೆ ನೆಲಸಮವಾಯಿತು. ಬಯಲಿನಲ್ಲಿ, ಹೆಂಗಸರು ಸುತ್ತ ಹಿಡಿದ ಸೀರೆಗಳ ಮರೆಯಲ್ಲಿ, ಸೂಲಗಿತ್ತಿ ಮಗುವನ್ನು ಹೊರಗೆ ತೆಗೆದಳು. ಮಗು ಅತ್ತಿತು. ತಾಯಿ ಸಂಜೆಯವರೆಗೆ ಮಾತ್ರ ಬದುಕಿದ್ದಳು.

ಮನೆ ಕೆಡವಿದವರ ಕೂಲಿಯನ್ನು ಬಾಣಂತಿ ಕಾಸಿನಿಂದಲೇ ಕೊಟ್ಟರು.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಕೆಂಪೇರಿತ್ತು. ಆ ಅಧಿಕಾರಿಗೆ ಏನು ಶಿಕ್ಷೆಯಾಯಿತು ಎಂದು ಅವನು ಕೇಳಿದ.

"ಶಿಕ್ಷೆಯೇ? ಅವನು ಯಾವ ನಿಯಮ ಮೀರಿದ, ನೀನೇ ಹೇಳು," ಎಂದರು ಗುರುಗಳು.